ಎರಡು ಕೊಳವೆಯ ಉಸಿರು

ಅರಸೀಕೆರೆ
೧೭ ಡಿಸೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮಗಳು ದಿವ್ಯಾ,

ಅಪ್ಪನ ಅಕ್ಷರದ ಗುರುತು ಸಿಕ್ಕಿತಾ? ಸಿಕ್ಕಿದರೂ ಹರಿದುಹಾಕಬೇಡ, ಕೊನೆಯವರೆಗೂ ಓದು. ಹೇಗಿದ್ದೀಯ? ಹೋದ ತಿಂಗಳು ಎಡಗಿವಿ ನೋವು ಅನ್ನುತ್ತಿದ್ದೆಯಲ್ಲ, ವಾಸಿಯಾಯಿತಾ? ನನಗೆ ಹೇಗೆ ಗೊತ್ತಾಯಿತು ಅಂತ ಹುಬ್ಬು ಗಂಟಿಕ್ಕಬೇಡ. ನೀನು ನನ್ನ ಫೋನ್ ಎತ್ತುವುದಿಲ್ಲ, ಸರಿ. ಆದರೆ ನಿಮ್ಮಮ್ಮ ನಿನ್ನ ಜೊತೆ ಸ್ಪೀಕರ್ ಹಾಕಿಕೊಂಡು ಮಾತಾಡುವುದು ಅವಳ ಕಿವಿ ಮಂದವಾಗಿ ಅಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತ ನನಗೂ ಕೇಳಲಿ ಅಂತ. ಎರಡು ವರ್ಷದಿಂದ ನಿನ್ನ ದನಿ ನನಗೆ ಸಿಗುತ್ತಿರುವುದು ಹೀಗೇ. ನಾವಿಬ್ಬರೂ ಚೆನ್ನಾಗಿದ್ದೇವೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿ ನಡೆಯುತ್ತಿದೆ. ಅರಸೀಕೆರೆಯ ಕುಕ್ಕರುಗಳೂ ಗ್ಯಾಸ್ ಒಲೆಗಳೂ ಕೆಡುವುದನ್ನು ಇನ್ನೂ ನಿಲ್ಲಿಸಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ, ಕೂತುಕೊಂಡು ಓದು. ನಿನಗೆ ಡೈವಿಂಗ್ ಕಲಿಸಿದ ಗುರುಗಳು ಕೊಟ್ಟ, ನೀರೊಳಗೆ ಉಸಿರಾಡುವ ಆ ಹಳೇ ರೆಗ್ಯುಲೇಟರ್ ಮತ್ತೆ ಉಸಿರು ಕೊಡುತ್ತಿದೆ! "ಸತ್ತೇ ಹೋಯ್ತು" ಅಂತ ನೀನು ಬಿಟ್ಟು ಹೋದೆಯಲ್ಲ, ಅದೇ. ಮೊನ್ನೆ ಭಾನುವಾರ ಬಾಣಾವರದ ಹತ್ತಿರ ಷಡಕ್ಷರಪ್ಪನ ತೆಂಗಿನ ತೋಟದ ಬಾವಿಯಲ್ಲಿ, ಇಪ್ಪತ್ತೈದು ಅಡಿ ಆಳದಲ್ಲಿ, ಹದಿನೆಂಟು ನಿಮಿಷ ಕೆಲಸ ಮಾಡಿತು. ಅದನ್ನು ಬಾಯಿಗಿಟ್ಟುಕೊಂಡು ಇಳಿದವರು ಯಾರು ಹೇಳು? ನಿಮ್ಮಪ್ಪ. ಅರವತ್ತೊಂದು ತುಂಬಿದ ನಿಂಗಯ್ಯ. ಈ ಸಾಲು ಬರೆಯುವಾಗಲೂ ಎದೆ ಉಬ್ಬುತ್ತಿದೆ, ಏನು ಮಾಡಲಿ.

ಅವತ್ತಿನ ಜಗಳ ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಗುರುಗಳು ತೀರಿಕೊಳ್ಳುವ ಮುಂಚೆ ನಿನ್ನ ಕೈಗಿಟ್ಟ ವಸ್ತು ಅಂತ ನೀನು ಮುರುಡೇಶ್ವರದಿಂದ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದೆ. ಬೆನ್ನ ಮೇಲಿನ ಗಾಳಿ ಸಿಲಿಂಡರಿಗೆ ಕೂರುವ ಒಂದು ದುಂಡನೆಯ ಹಿತ್ತಾಳೆ ಡಬ್ಬಿ. ಅದರ ಬಲಕ್ಕೊಂದು ಎಡಕ್ಕೊಂದು ಸುಕ್ಕುಸುಕ್ಕಾದ ರಬ್ಬರ್ ಕೊಳವೆ. ಎರಡೂ ಕತ್ತಿನ ಸುತ್ತ ಬಂದು ಬಾಯಿಯ ಮುಂದೆ ಸೇರುತ್ತವೆ. ಒಂದರಲ್ಲಿ ಗಾಳಿ ಬರುತ್ತದೆ, ಇನ್ನೊಂದರಲ್ಲಿ ಬಿಟ್ಟ ಉಸಿರು ಹೋಗುತ್ತದೆ. ನೀನು ಒಂದು ವಾರ ಬೇಲೂರಿಗೆ ಸೋದರತ್ತೆ ಮನೆಗೆ ಹೋಗಿದ್ದಾಗ ನಾನು ಅದನ್ನು ಪೂರ್ತಿ ಬಿಚ್ಚಿ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದೆ. ನಮ್ಮೂರಲ್ಲಿ ಕೊಬ್ಬರಿ ಎಣ್ಣೆ ಕಾಣದ ವಸ್ತು ಯಾವುದಿದೆ? ತಲೆಗೆ ಅದೇ, ಬಾಗಿಲ ಕೀಲಿಗೆ ಅದೇ, ಹೊಲಿಗೆ ಮಷೀನಿಗೂ ಅದೇ. ಗೊತ್ತಿಲ್ಲದೆ ಆದದ್ದು. ನೀನು ವಾಪಸು ಬಂದು ನೋಡಿದಾಗ ಡಿಸೆಂಬರ್ ಚಳಿಗೆ ಎಣ್ಣೆ ಒಳಗೆಲ್ಲ ಹೆಪ್ಪುಗಟ್ಟಿತ್ತು, ರಬ್ಬರೆಲ್ಲ ಉಬ್ಬಿ ಅಂಟಂಟಾಗಿತ್ತು. "ನಾನು ನೀರಿಗಿಳೀಬಾರ್ದು ಅಂತ ಬೇಕಂತ್ಲೇ ಮಾಡ್ದೆ ಅಪ್ಪಾ" ಅಂತ ಕಿರುಚಿದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಹೆತ್ತಪ್ಪನ ಮೇಲೇ ಅನುಮಾನ ಪಡೋಳು ಈ ಮನೇಲಿ ಇರ್ಬೇಡ" ಅಂದುಬಿಟ್ಟೆ. ನೀನು ಅವತ್ತೇ ಮಧ್ಯಾಹ್ನದ ಬಸ್ಸಿಗೆ ಹೋದೆ.

ಆ ರೆಗ್ಯುಲೇಟರನ್ನು ಅಂಗಡಿಯ ಮೊಳೆಗೆ ನೇತುಹಾಕಿದ್ದೆ. ದಸರಾ ರಜದಲ್ಲಿ ಬಸ್ತಿಹಳ್ಳಿಯ ಯುವರಾಜ್, ಅದೇ ಮುರುಡೇಶ್ವರದಲ್ಲಿ ನಿನ್ನ ಜೊತೆ ಡೈವಿಂಗ್ ಕೆಲಸ ಮಾಡುವವನು, ಅವರಮ್ಮನ ಕುಕ್ಕರ್ ಹಿಡಿದುಕೊಂಡು ಬಂದ. ಮೊಳೆ ನೋಡಿದವನೇ ಕುಕ್ಕರ್ ಮರೆತ. ಜನವರಿ ಹನ್ನೆರಡಕ್ಕೆ ಗುರುಗಳ ಶಿಷ್ಯರೆಲ್ಲ ಅಲ್ಲಿ ಸೇರುತ್ತೀರಂತೆ, ಅವರ ನೆನಪಿಗೆ ಸಮುದ್ರಕ್ಕಿಳಿಯುತ್ತೀರಂತೆ. ಎಲ್ಲರೂ ಆ ರೆಗ್ಯುಲೇಟರ್ ಕೇಳುತ್ತಾರಂತೆ, ನೀನು ಮಾತು ಬದಲಾಯಿಸುತ್ತೀಯಂತೆ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಮಾರನೇ ದಿನವೇ ಯುವರಾಜನಿಗೆ ಫೋನ್ ಮಾಡಿ, ಇದನ್ನು ಎಬ್ಬಿಸೋಣ, ದಿವ್ಯಾ ಮುಂದೆ ಮಾತ್ರ ಉಸಿರೆತ್ತಬೇಡ ಅಂದೆ. ಅವನನ್ನು ಬೈಯಬೇಡ, ಆಣೆ ಹಾಕಿಸಿಕೊಂಡವನು ನಾನು.

ಹೊಸ ಕೊಳವೆಗಳನ್ನೂ ಡಬ್ಬಿಯೊಳಗಿನ ರಬ್ಬರ್ ಪೊರೆಯನ್ನೂ ಅವನು ವಿದೇಶದಿಂದ ತರಿಸಿದ. ಇಂಥ ಹಳೆಯದಕ್ಕೆಂದೇ ಈಗಲೂ ಮಾಡಿಕೊಡುವ ಹುಚ್ಚರಿದ್ದಾರಂತೆ, ಅವರ ಹೊಟ್ಟೆ ತಣ್ಣಗಿರಲಿ. ಮಿಕ್ಕ ಕೆಲಸ ನನ್ನದು. "ಅಂಕಲ್, ಒತ್ತಡದ ಗಾಳಿಗೆ ಎಣ್ಣೆ ತಾಗುದ್ರೆ ಬೆಂಕಿನೇ ಹತ್ಕೋಬೋದು, ಒಂದ್ ತೊಟ್ಟೂ ಉಳೀಬಾರ್ದು" ಅಂದಿದ್ದ. ಒಂದೊಂದು ಸ್ಕ್ರೂವನ್ನೂ ಸೋಪಿನ ಬಿಸಿನೀರಲ್ಲಿ ನಾಲ್ಕು ನಾಲ್ಕು ಸಲ ತೊಳೆದೆ. ಹಸಿರು ಕಿಲುಬು ಹಿಡಿದಿದ್ದ ಡಬ್ಬಿಯನ್ನು ನಿಮ್ಮಮ್ಮ ಹುಣಸೆಹಣ್ಣು ಹಾಕಿ ಉಜ್ಜಿದಳು, ಈಗ ಅದರಲ್ಲಿ ಮುಖ ನೋಡಿಕೊಳ್ಳಬಹುದು. ಒಳಗೆ ಗಾಳಿ ಬಿಡುವ ಸಣ್ಣ ಲಿವರ್ ಒಂದಿದೆಯಲ್ಲ, ಅದರ ಎತ್ತರ ಕೂದಲೆಳೆ ಹೆಚ್ಚಾದರೆ ಗಾಳಿ ಸುಮ್ಮನೆ ಸೋರುತ್ತದೆ, ಕಡಿಮೆಯಾದರೆ ಎಳೆದರೂ ಬರುವುದಿಲ್ಲ. ಅದೊಂದಕ್ಕೇ ಹನ್ನೊಂದು ದಿನ ಹಿಡಿಯಿತು. ಗ್ಯಾಸ್ ಒಲೆಗೆ ಮಾಡುವ ಹಾಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡಿದೆ. ಯುವರಾಜ್ ಬೆರಗಾಗಿ, "ಇದ್ನ ಎಲ್ಲಿ ಕಲ್ತ್ರಿ ಅಂಕಲ್?" ಅಂದ. ಬಸ್ ಸ್ಟ್ಯಾಂಡ್ ಕಾಲೇಜಲ್ಲಿ ಅಂದೆ.

ಹೋದ ವಾರ ಅವನು ಎರಡು ಸಿಲಿಂಡರ್ ತಂದ. ಮೊದಲ ಪರೀಕ್ಷೆ ಷಡಕ್ಷರಪ್ಪನ ದನ ನೀರು ಕುಡಿಯುವ ತೊಟ್ಟಿಯಲ್ಲಿ. ದೊಡ್ಡ ಮನುಷ್ಯನ ಹಾಗೆ ಮುಳುಗಿ ಉಸಿರೆಳೆದರೆ ಗಾಳಿ ಬದಲು ತೊಟ್ಟಿ ನೀರು! ಉಸಿರು ಹೊರಹೋಗುವ ರಬ್ಬರ್ ಕವಾಟವನ್ನು ಹಿಂದುಮುಂದಾಗಿ ಕೂರಿಸಿದ್ದೆ. ನಾನು ಕೆಮ್ಮುತ್ತಾ ಎದ್ದರೆ ಎಮ್ಮೆಯೊಂದು ನನ್ನನ್ನೇ ನೋಡುತ್ತಿತ್ತು. ನಿಮ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು ನೋಡು, ನೀನು ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ಅವತ್ತೇ. ನಾಲ್ಕು ದಿನ ಅದೇ ತೊಟ್ಟಿಯಲ್ಲಿ ಯುವರಾಜ್ ನನಗೆ ಪಾಠ ಮಾಡಿದ.

ಭಾನುವಾರ ಬಾವಿ. ಕೆರೆ ತುಂಬಿದ್ದರಿಂದ ಮೇಲಿನ ಮೆಟ್ಟಿಲವರೆಗೂ ನೀರು. ಯುವರಾಜ್ ತನ್ನ ಹೊಸ ಸಲಕರಣೆ ಹಾಕಿಕೊಂಡು ಪಕ್ಕದಲ್ಲೇ ಇಳಿದ, ನನ್ನ ತೋಳು ಬಿಡಲಿಲ್ಲ. ತಣ್ಣಗಿನ ನೀರು, ಮೇಲೆ ಬಿಸಿಲಿನ ದುಂಡು ಕಿಂಡಿ. ಹೆದರಿಕೆಯಾಯಿತಾ ಅಂತ ಕೇಳಿದರೆ, ಆಯಿತು. ಆದರೆ ಎಳೆದ ಪ್ರತಿ ಉಸಿರೂ ಬಂತು, ದಿವ್ಯಾ! ಗುಳ್ಳೆಗಳು ಕತ್ತಿನ ಹಿಂದಿನಿಂದ ಏಳುವುದರಿಂದ ಮುಖದ ಮುಂದೆ ಏನೂ ಗಲಾಟೆಯಿಲ್ಲ. ಸಣ್ಣ ಮೀನುಗಳು ಕನ್ನಡಕದ ಗಾಜಿನವರೆಗೂ ಬಂದು ನನ್ನನ್ನು ನೋಡಿಕೊಂಡು ಹೋದವು. ಬಾಯೊಳಗೆ ನೀರು ನುಗ್ಗಿದಾಗ ಯುವರಾಜ್ ಹೇಳಿಕೊಟ್ಟ ಹಾಗೆ ಎಡಕ್ಕೆ ಹೊರಳಿ ಊದಿದೆ, ನೀರೆಲ್ಲ ಹೊರಗೆ ಹೋಯಿತು. ಇದಕ್ಕಾ ನನ್ನ ಮಗಳು ಮನೆ ಬಿಟ್ಟಿದ್ದು ಅಂತ ಅಲ್ಲೇ ಅನ್ನಿಸಿತು. ನಾನಾಗಿದ್ದರೂ ಬಿಡುತ್ತಿದ್ದೆ.

ತಳದ ಕೆಸರಲ್ಲಿ ಕೈಗೊಂದು ತಾಮ್ರದ ಬಿಂದಿಗೆ ಸಿಕ್ಕಿತು. ಎತ್ತಿಕೊಂಡು ಮೇಲೆ ಬಂದರೆ ಷಡಕ್ಷರಪ್ಪನ ಹೆಂಡತಿ ಶಿವಗಂಗಮ್ಮ ಅದನ್ನು ಕಂಡು ಮೆಟ್ಟಿಲ ಮೇಲೇ ಕೂತುಬಿಟ್ಟಳು. "ಅಯ್ಯೋ ನಿಂಗಣ್ಣ, ಬಾವಿಗ್ ಬಿತ್ತು ಅಂದ್ರೆ ನಮ್ಮತ್ತೆ ನಂಬ್ಲೇ ಇಲ್ಲ ಕಣಣ್ಣ. ತವರಿಗೆ ಸಾಗಿಸ್ದೆ ಅಂತ ಸಾಯೋಗಂಟ ಅಂದ್ರು" ಅಂತ ಬಿಂದಿಗೆ ತಬ್ಬಿಕೊಂಡು ಅತ್ತಳು. ಆಮೇಲೆ ತೋಟದವರನ್ನೆಲ್ಲ ಕರೆದು ತೋರಿಸಿದಳು. ನನಗೆ ಎಳನೀರು, ಯುವರಾಜನಿಗೆ ಹೋಳಿಗೆ, ಊರೆಲ್ಲ ನಮ್ಮದೇ ಸುದ್ದಿ. ಈಗ ಅಂಗಡಿಗೆ ಬರುವವರು ಕುಕ್ಕರ್ ಆಮೇಲೆ ತೋರಿಸುತ್ತಾರೆ, ಮೊದಲು ಬಾವಿ ಕಥೆ ಕೇಳುತ್ತಾರೆ. ನಾನೂ ಬೇಡ ಅನ್ನುವುದಿಲ್ಲ.

ರೆಗ್ಯುಲೇಟರನ್ನು ಯುವರಾಜನ ಕೈಲಿ ಕಳಿಸುತ್ತೇನೆ. ಹನ್ನೆರಡಕ್ಕೆ ಅದು ನಿನ್ನ ಬೆನ್ನ ಮೇಲಿರಲಿ, ಕೇಳಿದವರಿಗೆ ನೆಟ್ಟಗೆ ನಿಂತು ಉತ್ತರ ಹೇಳು. ಕಿವಿ ಪೂರ್ತಿ ವಾಸಿಯಾಗದೆ ಮಾತ್ರ ಇಳಿಯಬೇಡ. ನಿಮ್ಮಮ್ಮ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ನಿನ್ನನ್ನು ತುಂಬಾ ಕೇಳಿದೆ ಅಂತ ಬರೆಯಲು ಹೇಳಿದಳು. ಇಳಿದ ನೀರೆಲ್ಲ ನಿನ್ನನ್ನು ಸುಖವಾಗಿ ದಡಕ್ಕೆ ತಲುಪಿಸಲಿ.

ಇತಿ ನಿನ್ನ ಅಪ್ಪ,
ನಿಂಗಯ್ಯ

ವಿ.ಸೂ.: ಕವರ್ ಅಂಟಿಸಿದ್ದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಗೊತ್ತಿಲ್ಲದೆ ಆದದ್ದು ಅಂತ ಬರೆದಿದ್ದು ಸುಳ್ಳು. ಗ್ಯಾಸ್ ಪೈಪಿಗೆ ಎಣ್ಣೆ ತಾಗಿಸಬೇಡಿ, ರಬ್ಬರ್ ಹಾಳಾಗುತ್ತೆ ಅಂತ ಮೂವತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ನೀನು ಹೇಳಿದ್ದೇ ನಿಜ, ಬೇಕಂತಲೇ ಮಾಡಿದೆ. ಗುರುಗಳು ಹೋದರು, ಇದೂ ಹೋದರೆ ನೀನು ನೀರು ಬಿಟ್ಟು ಮನೆಗೆ ಬರುತ್ತೀಯ ಅಂದುಕೊಂಡೆ. ನೀನು ಮುಳುಗಿಬಿಡುತ್ತೀಯ ಅನ್ನುವ ಭಯಕ್ಕೆ ಮಾಡಿದೆ. ಮಾಡದ ತಪ್ಪಿಗೆ ಬೈಸಿಕೊಂಡ ಶಿವಗಂಗಮ್ಮ ಅತ್ತಿದ್ದನ್ನು ಕಂಡ ಮೇಲೆ, ಮಾಡಿದ ತಪ್ಪನ್ನು ಮುಚ್ಚಿಟ್ಟು ನಿನ್ನ ಮುಂದೆ ಬೀಗಲು ಆಗುತ್ತಿಲ್ಲ. ತಪ್ಪಾಯಿತು ಮಗಳೇ. ರೆಗ್ಯುಲೇಟರನ್ನು ಯುವರಾಜನ ಕೈಲಿ ಕಳಿಸುವುದಿಲ್ಲ, ನಾನೇ ತರುತ್ತೇನೆ. ನನ್ನ ಜೊತೆ ಮಾತಾಡಲೇಬೇಕು ಅಂತ ಏನಿಲ್ಲ. ಒಂದು ಸಲ ನಿನ್ನ ಜೊತೆ ಸಮುದ್ರಕ್ಕೆ ಇಳಿಸು, ಅಲ್ಲಿ ಹೇಗೂ ಯಾರೂ ಮಾತಾಡುವುದಿಲ್ಲ.