ಹೆಲ್ಮೆಟ್ ಆಡಿಸಿದ ತಪ್ಪಿಗೆ

ಭಾನುವಾರ, 17 ಜೂನ್ 2018

ಹೆಲ್ಮೆಟ್‌ಗೆ ಬ್ಲೂಟೂತ್ ಹೆಡ್‌ಸೆಟ್ ತಗೊಳ್ಳೋಕೆ ನಾನೂ ನನ್ನ ಹೆಂಡತಿ ವನಿತಾನೂ ಹೆಬ್ಬಾಳಕ್ಕೆ ಹೋಗಿದ್ವಿ. ನನಗೊಂದೇ ಸಾಕು ಅಂತಿದ್ದೆ. ಅಂಗಡಿಯವರು ಹಿಂದೆ ಕೂತೋರ ಜೊತೆ ಮಾತಾಡೋ ಜೋಡಿ ಸೆಟ್ ಕೊಟ್ಟು, "ಮೇಡಂ, ನೀವೂ ಹಾಕ್ಕೊಂಡು ಮಾತಾಡಿ ನೋಡಿ" ಅಂದ್ರು.

ವನಿತಾ ಹಾಕ್ಕೊಂಡು ಮೊದಲು ಹೇಳಿದ್ದೇ ಇದು: "ರೀ, ಯುಗಾದಿ ದಿನ ಬೈಕಲ್ಲಿ ಬರ್ತಾ, ನಮ್ಮಮ್ಮನ್ನ ನಮ್ಮನೇಲೇ ಇಟ್ಕೊಳ್ಳೋಣ್ವಾ ಅಂದೆ. ಹೂಂ ಅಂತ ಹೆಲ್ಮೆಟ್ ಆಡಿಸಿದ್ರಿ. ಆಮೇಲೆ ಮಾತೇ ಎತ್ತಲಿಲ್ಲ."

ಗಾಳೀಲಿ ಏನೂ ಕೇಳಿಸದಿದ್ರೂ ಎಲ್ಲಕ್ಕೂ ತಲೆ ಆಡಿಸೋದು ನನ್ನ ಹಾಳು ಚಾಳಿ. ಮೂರು ತಿಂಗಳಿಂದ ಕಾಯ್ತಿದ್ದಾಳೆ, ಪಾಪ. ನನ್ನಂಥ ಗೂಬೆ ಇನ್ನೊಂದಿಲ್ಲ.

ಜೋಡೀನೇ ತಗೊಂಡೆ. ಬಾಗಲಗುಂಟೆಗೆ, ನಮ್ಮನೆ ಕಡೆ ತಿರುಗೋ ಮುಂಚೆ ಗಾಡಿ ನಿಧಾನ ಮಾಡಿ ಕೇಳಿದೆ: "ಹುಣಸಮಾರನಹಳ್ಳಿಗೆ, ನಿಮ್ಮಮ್ಮನ ಮನೆಗೆ ಹೋಗೋಣ್ವಾ? ಅತ್ತೇನ ಇವತ್ತೇ ಕರೆಯೋಣ."

ಕಿವೀಲಿ ಮೂಗೆಳೆಯೋ ಸದ್ದು ಬಂತು. ಕನ್ನಡೀಲಿ ನೋಡಿದೆ. ಹೆಲ್ಮೆಟ್ ಆಡಿಸ್ತಾನೇ ಇದ್ಲು.