ಓಬಳಮ್ಮನ ಮಗ ಬಾಯಿ ಬಿಡದ ಸೋಮವಾರ

ಕರೇಕಲ್ಲು, ಮಧುಗಿರಿ ತಾಲ್ಲೂಕು
೧೪-೧೦-೧೯೮೪, ಭಾನುವಾರ

ತುಮಕೂರಿನ ಹಾಸ್ಟೆಲಿನಲ್ಲಿ ಕೂತು ಈ ಮಾವನಿಗೇ ಪ್ರಶ್ನೆಪತ್ರಿಕೆ ಕಳಿಸಿರುವ ನನ್ನಕ್ಕನ ಮಗಳು ಹೊನ್ನಕ್ಕನಿಗೆ, ಯತ್ತಪ್ಪನ ಮನಸಾರೆ ಆಶೀರ್ವಾದ.

ನಿನ್ನ ಕಾಗದ ಗುರುವಾರ ಕೈಸೇರಿತು. ಟಪಾಲು ತಂದ ದಾಸಯ್ಯ, "ಏನ್ ಯತ್ತಪ್ಪ, ಕಾಲೇಜಿನೋರು ನಿನ್ನ ಕೇಳೋ ಹಂಗಾಯ್ತಾ?" ಎಂದು ಹಲ್ಲು ಕಿರಿದ. "ಇನ್ಯಾರ್ನ ಕೇಳ್ತಾರ್ಲಾ, ನಿನ್ನನ್ನಾ?" ಎಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದನ್ನೂ ಎರಡು ಸಲ ಓದಿದೆ. ಹಾಗಾಗಿ ಈ ಊರಿನಲ್ಲಿ ನಾಲ್ಕನೇ ಕ್ಲಾಸು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ನೀನು ಬರೆದದ್ದನ್ನು ಮೂರು ಸಲ ಓದಿದೆ. ಯುರೋಪಿನಲ್ಲಿ ಚೆಕ್ ಮಾತಿನವರೂ ಜರ್ಮನ್ ಮಾತಿನವರೂ ಒಟ್ಟಿಗೆ ಬಾಳಿದ ಒಂದು ಜಿಲ್ಲೆ ಇತ್ತಂತೆ. ಒಬ್ಬರ ಮಾತು ಇನ್ನೊಬ್ಬರಿಗೆ ಬರಲಿ ಎಂದು ರೈತರು ಮಕ್ಕಳನ್ನು ಒಂದು ವರ್ಷ ಅದಲುಬದಲು ಮಾಡಿಕೊಳ್ಳುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಜರ್ಮನ್ ಮಾತಿನವರನ್ನು ಹೊರುವಷ್ಟು ಗಂಟು ಹೊರಿಸಿ ಊರು ಬಿಡಿಸಿದರಂತೆ. ಆಮೇಲೆ ಜಿಲ್ಲೆಯ ಹೆಸರನ್ನೂ ತೆಗೆದುಹಾಕಿದರಂತೆ. ಇಂಥದ್ದು ನಮ್ಮ ಸೀಮೆಯಲ್ಲಿ ಇತ್ತೇ, ಕೇಳಿ ಬರೆದುಕೊಂಡು ಬಾ ಎಂದು ನಿಮ್ಮ ಲೆಕ್ಚರರು ಹೇಳಿದ್ದಾರೆ. ನಾನು ಶಾಲೆಗೆ ಹೋಗಿ ರೇಣುಕಯ್ಯ ಮೇಷ್ಟ್ರಿಂದ ಗೋಳದಲ್ಲಿ ಆ ದೇಶ ತೋರಿಸಿಕೊಂಡು ಬಂದೆ. ಹೆಬ್ಬೆರಳಿನ ಉಗುರು ಇಟ್ಟರೆ ಮುಚ್ಚಿಹೋಗುತ್ತದೆ. ಅಷ್ಟು ದೂರದವರಿಗೆ ನಮ್ಮ ಪದ್ಧತಿ ಯಾರು ಹೇಳಿಕೊಟ್ಟರೋ!

ಬರೆದುಕೋ. ಕರೇಕಲ್ಲು ಒಂದು ಕಾಲಕ್ಕೆ ಉಪತಾಲ್ಲೂಕು. ಸೊಸೈಟಿಯವರು ಗೊಬ್ಬರದ ಮೂಟೆ ಜೋಡಿಸಿರುವ ಗೋಡೌನು ಇದೆಯಲ್ಲ, ಅದೇ ಕಚೇರಿ. ಡೆಪ್ಯುಟಿ ಅಮಲ್ದಾರರು ಕುದುರೆಯ ಮೇಲೆ ಬರುತ್ತಿದ್ದರು. ತೆಂಕಲ ಊರುಗಳದು ಕನ್ನಡ, ಬಡಗಲ ಊರುಗಳದು ತೆಲುಗು. ಸೋಮವಾರ ಕಚೇರಿಯ ಮುಂದೆ ಕುರಿ ಸಂತೆ. ಎರಡೂ ಮಾತು ಬಾರದವನು ತಂದ ಕುರಿಯನ್ನು ಹಾಗೇ ಹೊಡೆದುಕೊಂಡು ಮನೆಗೆ ಹೋಗಬೇಕಿತ್ತು. ಅದಕ್ಕೇ ನಮ್ಮ ಕುರಿಯವರಲ್ಲಿ 'ಮಾತಿಗೆ ಬಿಡುವುದು' ಅಂತ ಒಂದು ಪದ್ಧತಿ. ಈ ಕಡೆಯ ಒಂದು ಮನೆ, ಆ ಕಡೆಯ ಒಂದು ಮನೆ, ಯುಗಾದಿಯಿಂದ ಯುಗಾದಿಗೆ ಮಕ್ಕಳನ್ನು ಬದಲಾಯಿಸಿಕೊಳ್ಳುವುದು. ಸಾಕುವ ತಾಯಿ ಸ್ವಂತ ಮಗುವಿನ ಹಾಗೆಯೇ ಬೈಯಬೇಕು, ಹಾಗೆಯೇ ಉಣಿಸಬೇಕು.

ನನಗೆ ಒಂಬತ್ತು ವರ್ಷವಾದಾಗ ನಿನ್ನಜ್ಜಿ ಈರಕ್ಕ ನನ್ನನ್ನು ರಾಚಪಲ್ಲಿಯ ಓಬಳಮ್ಮನ ಮನೆಗೆ ಬಿಟ್ಟಳು. ಓಬಳಮ್ಮನ ಮಗಳು ಚಿಕ್ಕಹನುಮಕ್ಕ ನಮ್ಮ ಮನೆಗೆ ಬಂದಳು. ಹೋದ ಮೂರನೇ ದಿನವೇ ನಾನು ತೆಲುಗು ಕಲಿತೆ. ಸುಳ್ಳಲ್ಲ, ಮೊದಲು ಬೈಗುಳ ಕಲಿತೆ, ಉಳಿದದ್ದು ತಾನಾಗಿ ಬಂತು. ಓಬಳಮ್ಮ ಕುರಿಯ ಮುಂದೆ ನಡೆಯುತ್ತ ಜಾಲಿಯನ್ನು ತೋರಿಸಿ 'ತುಮ್ಮ' ಅನ್ನುವಳು, ನಾನು 'ಜಾಲಿ' ಅನ್ನುವೆ, ಅವಳು ನನ್ನ ಹಾಗೆ ಮೂತಿ ಮಾಡಿ 'ಜಾಲಿ' ಎಂದು ನಗುವಳು. ಬೆಳಗ್ಗೆ ಸಂಗಟಿ ಮುದ್ದೆಗೆ ಗುಳಿ ಮಾಡಿ ಶೇಂಗಾ ಚಟ್ನಿ ತುಂಬಿಸಿ ಕೈಗಿಡುವಳು. ನಮ್ಮ ಮನೆಯಲ್ಲಿ ನಾವು ಆರು ಮಕ್ಕಳು. ಅಲ್ಲಿ ಆ ವರ್ಷವೆಲ್ಲ ನಾನೊಬ್ಬನೇ. ಅವಳು 'ನಾ ಕೊಡಕಾ', ಅಂದರೆ ನನ್ನ ಮಗನೇ, ಎಂದು ಕೂಗಿದರೆ ಗುಡ್ಡದ ಆಚೆಗೂ ಕೇಳುತ್ತಿತ್ತು. ಒಂದೇ ಕೂಗಿಗೆ ಹೋದರೆ ಇನ್ನೊಮ್ಮೆ ಕೂಗುವುದಿಲ್ಲವಲ್ಲ ಎಂದು ನಾನು ಬೇಕಂತಲೇ ಓಗೊಡುತ್ತಿರಲಿಲ್ಲ.

ಯುಗಾದಿ ಕಳೆದ ಮೊದಲ ಸೋಮವಾರ ಮಕ್ಕಳನ್ನು ಒಪ್ಪಿಸುವುದು. ಕಚೇರಿಯ ಮುಂದಿನ ಹೊಂಗೆ ಮರದಡಿ ಎರಡು ಮನೆಯವರೂ ನಿಲ್ಲಬೇಕು. ಮಗು ತಾನು ಕಲಿತ ಮಾತಿನಲ್ಲಿ, ಸಂತೆಗೆಲ್ಲ ಕೇಳುವ ಹಾಗೆ, 'ನಾನು ಇಂಥವಳ ಮಗ, ನನಗೆ ಇಬ್ಬರು ತಾಯಂದಿರು' ಎನ್ನಬೇಕು. ಅಂದ ಕೂಡಲೇ ಸಾಕಿದವಳಿಗೆ ಮಡಿಲು ತುಂಬುವರು. ಮಗು ಅನ್ನದಿದ್ದರೆ ಮಡಿಲಿಲ್ಲ.

ಚಿಕ್ಕಹನುಮಕ್ಕ ಕನ್ನಡದಲ್ಲಿ ಗಿಣಿಯ ಹಾಗೆ ಹೇಳಿದಳು. ನಿನ್ನಜ್ಜಿಯ ಮಡಿಲು ತುಂಬಿತು. ನನ್ನ ಸರದಿ ಬಂತು. ಅಮಲ್ದಾರರು ಜಗಲಿಗೆ ಬಂದು ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ. ಕೆನ್ನೆ ಹಿಂಡಿದರು, ಬೆಲ್ಲ ತೋರಿಸಿದರು, ಬಾಯಿ ಬಿಡಲಿಲ್ಲ.

"ಏನಮ್ಮಾ, ವರ್ಷವೆಲ್ಲ ನನ್ ಮಗನ್ನ ಕುರಿ ಹಿಂದೆ ಅಟ್ಟಿಬುಟ್ಟು ಒಂದ್ ಮಾತೂ ಆಡಿಸ್ಲಿಲ್ವಾ? ನಿನ್ ಮಗಳ್ನ ನಾನು ಹಿಂಗೇ ನೋಡ್ಕೊಂಡ್ನಾ?" ಎಂದು ನಿನ್ನಜ್ಜಿ ಸಂತೆಯ ನಡುವೆ ಕೂಗಾಡಿದಳು. ಹಿಂದಿನ ದಿನ ಸಂಜೆ ತಾನೇ ಓಬಳಮ್ಮ ನನ್ನಿಂದ ಇಪ್ಪತ್ತು ಸಲ ಆ ಮಾತು ಹೇಳಿಸಿದ್ದಳು. ನನ್ನ ಹೆಗಲ ಕಂಬಳಿ ಸರಿಮಾಡಿ, ಮಗಳ ಕೈ ಹಿಡಿದು, ಬಂದ ದಾರಿಯಲ್ಲೇ ಹೊರಟುಹೋದಳು.

ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯ. ತುಂಟತನ ಎಂದು ಬರೆದುಕೋ.

ಮರುವರ್ಷ ಉಪತಾಲ್ಲೂಕು ರದ್ದಾಯಿತು. ಬಡಗಲ ಊರುಗಳು ಪಾವಗಡಕ್ಕೆ, ತೆಂಕಲವು ಮಧುಗಿರಿಗೆ. ಕಚೇರಿಯ ಸಾಮಾನು ಏಳು ಗಾಡಿಯಲ್ಲಿ ಹೋಯಿತು. ಕೊನೆಯ ಗಾಡಿಯಲ್ಲಿ ಅಮಲ್ದಾರರ ಕುರ್ಚಿಯ ಮೇಲೆ ಕೆರೆ ಏರಿಯವರೆಗೂ ಕೂತು ಹೋದವನು ನಾನು. ಹಾಗೆ ನೋಡಿದರೆ ಕರೇಕಲ್ಲು ಉಪತಾಲ್ಲೂಕನ್ನು ಕೊನೆಗೆ ಆಳಿದವನು ನಿನ್ನ ಮಾವ. ಇದನ್ನು ತಪ್ಪದೆ ಬರೆ. ನಮ್ಮಲ್ಲಿ ಯಾರನ್ನೂ ಗಂಟು ಕಟ್ಟಿಸಿ ಅಟ್ಟಲಿಲ್ಲ. ಕಚೇರಿ ಕೆಲಸ ಪಾವಗಡದಲ್ಲಿ ಎಂದ ಮೇಲೆ ಆ ಕಡೆಯವರು ಇತ್ತ ಬರುವುದು ಬಿಟ್ಟರು, ಸಂತೆ ಬಡವಾಯಿತು, ಮಾತಿಗೆ ಬಿಡುವುದೂ ನಿಂತಿತು. ಅಷ್ಟೇ.

ಹೋದ ತಿಂಗಳು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಹೆಂಗಸು ನನ್ನನ್ನೇ ದಿಟ್ಟಿಸಿ ನೋಡಿ, "ಏಮಯ್ಯಾ, ಈರಕ್ಕನ ಮಗ ಅಲ್ವಾ ನೀನು? ಈಗಾದ್ರೂ ಬಾಯಿ ಬಂತಾ?" ಎಂದಳು. ಚಿಕ್ಕಹನುಮಕ್ಕ! ತಲೆಯೆಲ್ಲ ನೆರೆತಿದೆ, ನಾಲಿಗೆ ಮಾತ್ರ ಹಾಗೇ ಇದೆ. ನಾನು ನನ್ನ ಕುರಿ, ನನ್ನ ಬಾವಿ, ಪಂಚಾಯ್ತಿಯಲ್ಲಿ ನನ್ನ ಮಾತಿಗಿರುವ ಬೆಲೆ ಎಲ್ಲ ಹೇಳಿಕೊಂಡೆ. ಅವಳು ಕೇಳುವಷ್ಟು ಕೇಳಿ ಹೇಳಿದಳು: "ಅಮ್ಮ ಇನ್ನೂ ಅವ್ಳೆ ಕಣಯ್ಯಾ. ಎಂಬತ್ತಕ್ಕೆ ಹತ್ರ. ಕಣ್ಣು ಹೋಗೈತೆ. ನಿನ್ನ ಸುದ್ದಿ ಬಂದ್ರೆ ಒಂದೇ ಮಾತು. ಅವ್ನಿಗೆ ಮಾತು ಬರ್ತಿತ್ತು, ಸಂತೇಲಿ ನನ್ನನ್ನ ಅಮ್ಮ ಅನ್ನಾಕೆ ನಾಚಿಕೆ ಆಯ್ತು ಅಂತಾಳೆ."

ಹೊನ್ನಕ್ಕ, ಆವತ್ತಿನಿಂದ ಊಟ ಸೇರುತ್ತಿಲ್ಲ. ಎರಡು ಸಲ ಪಾವಗಡದ ಬಸ್ಸು ಹತ್ತಿದೆ. ಎರಡು ಸಲವೂ ಮಿಡಿಗೇಶಿಯಲ್ಲಿ ಇಳಿದು, ಕಾಫಿ ಕುಡಿದು ಹಿಂದಕ್ಕೆ ಬಂದೆ. ಪಂಚಾಯ್ತಿಯಲ್ಲಿ ನೂರು ಜನರ ಮುಂದೆ ಗುಡುಗುವವನು ಕಣ್ಣು ಕಾಣದ ಒಬ್ಬ ಮುದುಕಿಯ ಮುಂದೆ ನಿಲ್ಲಲಾರದೆ ಹೋದೆ.

ದೀಪಾವಳಿ ರಜೆಯಲ್ಲಿ ಹಳಬರನ್ನು ಮಾತಾಡಿಸಲು ಆ ಕಡೆ ಹೋಗುವೆ ಎಂದು ಬರೆದಿದ್ದೀಯ. ದಯವಿಟ್ಟು ಮೊದಲು ರಾಚಪಲ್ಲಿಗೆ ಹೋಗು. ನಿನಗೆ ತೆಲುಗು ಬಾರದಿದ್ದರೂ ಪರವಾಗಿಲ್ಲ, ಚಿಕ್ಕಹನುಮಕ್ಕ ಇದ್ದಾಳೆ. ನಾನು ಆವತ್ತು ಹೇಳಬೇಕಿದ್ದದ್ದನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಓಬಳಮ್ಮನ ಕಿವಿಯ ಹತ್ತಿರ ಓದು: 'ನೇನು ಓಬಳಮ್ಮ ಕೊಡುಕುನಿ. ನಾಕು ಇದ್ದರು ಅಮ್ಮಲು.' ಒಂದು ಸೀರೆ, ಕೊಬ್ಬರಿ, ಎಲೆ ಅಡಿಕೆ ನಿಮ್ಮವ್ವ ಗೌರಕ್ಕನ ಕೈಲಿ ಕೊಟ್ಟಿದ್ದೇನೆ. ಅದನ್ನು ಓಬಳಮ್ಮನ ಮಡಿಲಿಗೆ ಹಾಕು. ಬಾ ಎಂದರೆ ಒಂದು ಕಾರ್ಡು ಬರೆ. ಬೈದರೂ ಬೈದದ್ದನ್ನು ಬರೆ.

ಮೈ ಕಡೆ ನಿಗಾ ಇರಲಿ. ಹಾಸ್ಟೆಲಿನ ಸಾರು ತಿಂದು ಸೊರಗಬೇಡ.

ಇತಿ, ನಾಲ್ಕನೇ ಕ್ಲಾಸಿನ ಪಂಡಿತ,
ನಿನ್ನ ಮಾವ ಯತ್ತಪ್ಪ

ಮರೆತಿದ್ದೆ: ತುಂಟತನ ಎಂದು ಮೇಲೆ ಬರೆಸಿದ್ದು ನಿಮ್ಮ ಲೆಕ್ಚರರಿಗೆ. ನಿನ್ನಜ್ಜಿ ಇರುವ ತನಕ ನಿಜ ಹೇಳುವ ಹಾಗಿರಲಿಲ್ಲ, ಕೇಳಿದ್ದರೆ ಅವಳ ಎದೆ ಒಡೆಯುತ್ತಿತ್ತು. ಹೋದ ಕಾರ್ತೀಕದಲ್ಲಿ ಅವಳೂ ಹೋದಳು. ಓಬಳಮ್ಮನಿಗೆ ನೀನು ಇಷ್ಟು ಹೇಳಬೇಕು: ನಾಚಿಕೆಯಲ್ಲ. ಮಾತು ಬಂದಿಲ್ಲ ಎಂದುಕೊಂಡರೆ, ಇನ್ನೊಂದು ವರ್ಷ ಇಟ್ಟುಕೊಳ್ಳಲಿ ಎಂದು ನನ್ನನ್ನು ಅವಳ ಜೊತೆಗೇ ವಾಪಸು ಕಳಿಸುತ್ತಾರೆ ಅಂದುಕೊಂಡಿದ್ದೆ.