ಮೊಣಕಾಲೂರದ ಸರದಾರ

ಫೆಬ್ರವರಿ 3, ಸೋಮವಾರ

ಮಸ್ಕಿಯಿಂದ ಸಿಂಧನೂರಿಗೆ ಇವತ್ತೂ ನಿಂತೇ ಬಂದೆ. ಮೊದಲ ಪೀರಿಯಡ್ ಬಿ.ಎ. ಫೈನಲ್. ಹಳೇ ಕಾಲದ ಇಂಗ್ಲಿಷ್ ಕಥನಕಾವ್ಯ. ಬರೆದವನ ಹೆಸರೂ ಗೊತ್ತಿಲ್ಲ. ರಾಜನನ್ನು ಬಿಟ್ಟು ಇನ್ನಾರ ಮುಂದೆಯೂ ಮೊಣಕಾಲೂರುವುದಿಲ್ಲ ಅಂತ ಆಣೆ ಇಟ್ಟ ಸರದಾರ. ಕಾಡಿನಲ್ಲಿ ಹಸಿದು ಬಿದ್ದಾಗ ನೇಗಿಲ ಗಳೆ ಹೊಡೆಯುವವನೊಬ್ಬ ತನ್ನ ಪಾಲಿನ ರೊಟ್ಟಿ ಕೊಟ್ಟು ಉಳಿಸುತ್ತಾನೆ. ಕೊನೆಗೆ ಸರದಾರ ಅವನ ಮುಂದೆ ಮೊಣಕಾಲೂರುತ್ತಾನೆ. ಇಷ್ಟೇ ಕಥೆ.

ಎಚ್.ಓ.ಡಿ. ಬಾಗಿಲಲ್ಲಿ ನಿಂತು, "ಪಾತ್ರ, ಗುಣ, ನೀತಿ... ಮೂರು ಪಾಯಿಂಟ್ ಬರೆಸಿಬಿಡ್ರಿ ಮೇಡಂ, ಐದು ಮಾರ್ಕ್ ಕೈಗೆ ಬಂತು" ಅಂದ. ಸರ್ವಿಸ್ ಪೂರ್ತಿ ಅಹಂಕಾರದ ಮೇಲೆ ಪಾಯಿಂಟ್ ಬರೆಸಿದ ಮನುಷ್ಯ. ಅದೇ ಎದುರಿಗೆ ಬಂದು ಕೂತರೆ ಗುರುತು ಹಿಡಿಯಲಿಕ್ಕಿಲ್ಲ.

ಹುಡುಗರು ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ಗೆ ಇದನ್ನೇ ಕನ್ನಡದಲ್ಲಿ ನಾಟಕ ಮಾಡ್ತೀವಿ ಅಂದರು. ಹೂಂ ಅಂದೆ. ಕಂಠ ದೊಡ್ಡದು ಅಂತ ಅನಿಲಕುಮಾರ ಸರದಾರ. ಗಳೆ ಹೊಡೆಯುವವನು ಸುನೀಲ. ಇಡೀ ಕ್ಲಾಸಿನಲ್ಲಿ ಮಾತಿಲ್ಲದೆ ನಿಂತು ಅಳಿಸಬಲ್ಲವನು ಅವನೊಬ್ಬನೇ.

ಫೆಬ್ರವರಿ 11

ಸ್ಟಾಫ್ ರೂಮಿಗೆ ಅನಿಲಕುಮಾರನ ಅಪ್ಪ. ಬಸವಂತರಾಯ. ಜವಳಗೇರಾದಲ್ಲಿ ಗದ್ದೆ, ಇಲ್ಲಿ ರೈಸ್ ಮಿಲ್, ನಮ್ಮ ಕಾಲೇಜು ಕಮಿಟಿಯಲ್ಲಿ ಕುರ್ಚಿ. ಕೂತ್ಕೊಳ್ರಿ ಅನ್ನುವ ಮೊದಲೇ ಕೂತ.

"ಏನ್ರೀ ಮೇಡಂ, ನಮ್ಮ ಹುಡುಗ ಆ ಓಣಿ ಹುಡುಗನ ಮುಂದ ಮೊಣಕಾಲು ಊರಬೇಕಂತ?"

"ಅದು ಕಥಿಯೊಳಗ್ರೀ."

"ನಮ್ಮ ಮಂದಿ ಕಥಿ ನೋಡಾಕ ಬರಂಗಿಲ್ರೀ. ನನ್ನ ಮಗನ್ನ ನೋಡಾಕ ಬರ್ತಾರ."

ಆ ಓಣಿ! ನನ್ನದೂ ಅದೇ ಓಣಿ. ಮಸ್ಕಿಯ ಬುದ್ಧ ವಿಹಾರ ದಾಟಿದರೆ ನಮ್ಮ ಮನೆ, ಸುನೀಲನದೂ. ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅಂದ.

ಅವನು ಹೋದ ಮೇಲೆ ಎಚ್.ಓ.ಡಿ. ಬೆಣ್ಣೆ ಸವರಿದ ದನಿಯಲ್ಲಿ: "ನಿಂತು ಕೈ ಮುಗಿದ್ರ ಸಾಕಲ್ರೀ ಸುಕನ್ಯಾ ಮೇಡಂ. ನೀವು ಗೆಸ್ಟ್ ಲೆಕ್ಚರರ್ ಅದೀರಿ. ಜೂನ್‌ದಾಗ ಮತ್ತ ನಾನೇ ಸಹಿ ಮಾಡಬೇಕು."

ಆಗೋದಿಲ್ಲ ಅಂದೆ.  ಅಟೆಂಡೆನ್ಸ್ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ನಡೆದೆ.

ಫೆಬ್ರವರಿ 12

ಸಂಜೆ ಮನೆಗೆ ಪದ್ಮಾವತಿ ಬಂದಳು. ಸುನೀಲನ ತಾಯಿ. ಲಿಂಗಸುಗೂರಿನ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು.

"ಬಿಡ್ರಿ ಮೇಡಂ, ಕೈ ಮುಗೀಲಿ. ಅಷ್ಟಕ್ಕ ಯಾಕ ಜಗಳ? ನನ್ನ ಮಗಂದು ಡಿಗ್ರಿ ಮುಗೀಬೇಕಾಗೇದ."

ಮೈ ಉರಿದುಹೋಯಿತು. "ನಿಮ್ಮಂಥವರು ಹಿಂಗ ತಲಿ ತಗ್ಗಸ್ತೀರಂತನ ಅವರು ಹಂಗ ಆಡ್ತಾರ" ಅಂದುಬಿಟ್ಟೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಹೋಗಲಿ. ಅಂಜುಬುರುಕಿ.

ಫೆಬ್ರವರಿ 20

ರಿಹರ್ಸಲ್. ಒಂಬತ್ತು ದಿನದಿಂದ ಎಚ್.ಓ.ಡಿ. ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಪುಣ್ಯ.

ಕೊನೆಯಲ್ಲಿ ಅನಿಲಕುಮಾರ ಒಬ್ಬನೇ ಬಂದ. "ನಾ ಮೊಣಕಾಲು ಊರ್ತೀನ್ರಿ ಮೇಡಂ. ಅಪ್ಪಗ ಹೇಳಬ್ಯಾಡ್ರಿ." ನಂಬಲಿಲ್ಲ. ಅಪ್ಪನ ಬೈಕು ಗೇಟಿಗೆ ಬಂದರೆ ಸಾಕು, ಇವನ ದನಿ ಹೊಟ್ಟೆಗಿಳಿಯುತ್ತದೆ.

ಫೆಬ್ರವರಿ 22, ಶನಿವಾರ

ಗ್ಯಾದರಿಂಗ್ ಮುಗಿಸಿ ಬಂದೆ. ತಲೆ ಸಿಡಿಯುತ್ತಿದೆ. ಮರೆಯುವ ಮೊದಲು ಬರೆಯಬೇಕು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ರೊಟ್ಟಿ ತಿಂದ ಸರದಾರ ಸುನೀಲನನ್ನೇ ನೋಡುತ್ತಾ ನಿಂತ. ಒಂದು ಮೊಣಕಾಲು ಬಗ್ಗಿತು. ಇನ್ನೇನು ಊರಬೇಕು... ಮುಂದಿನ ಸಾಲಿನಿಂದ ಬಸವಂತರಾಯ ಎದ್ದ. ಕೈಯಲ್ಲಿ ಶಾಲು. "ಆಯೇರಿ! ಆಯೇರಿ ಅದ, ನಿಲ್ಲಸ್ರಿ!"

ನಮ್ಮ ಕಡೆ ನಾಟಕಗಳಲ್ಲಿ ಇದು ಇದ್ದದ್ದೇ. ಎಂಥ ಸೀನಿರಲಿ, ನಟನಿಗೆ ಉಡುಗೊರೆ ತಂದವರು ಸ್ಟೇಜ್ ಹತ್ತಿದರೆ ಆಟ ನಿಲ್ಲಬೇಕು. ಮೈಕಿನಲ್ಲಿ ಅವರ ಹೆಸರು ಕೂಗಬೇಕು. ಇಸಿದುಕೊಂಡ ನಟ ಅವರ ಕಾಲು ಮುಟ್ಟಬೇಕು. ಕೊಟ್ಟವರು ಯಾವ ಓಣಿಯವರೇ ಆದರೂ. ಬೇಕಂತಲೇ ಆ ಗಳಿಗೆ ಆರಿಸಿಕೊಂಡ ಕಳ್ಳ! ಮಗ ಅಪ್ಪನ ಕಾಲಿಗೆ ಬಿದ್ದ. ಜನ ಚಪ್ಪಾಳೆ. ಎಚ್.ಓ.ಡಿ. ಪರದೆ ಎಳೆಯಲು ಸನ್ನೆ ಮಾಡಿದ.

ಆಗ ಹೆಂಗಸರ ಕಡೆಯಿಂದ ಪದ್ಮಾವತಿ ಎದ್ದಳು. ಕೈಯಲ್ಲಿ ಹೊಸ ಟವೆಲ್, ಅಂಗಡಿಯ ಮಡಿಕೆ ಹಾಗೇ ಇತ್ತು. ಮಗನಿಗೆ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರು. ಮೈಕ್ ಹಿಡಿದಿದ್ದ ನಮ್ಮ ಕ್ಲಾಸಿನ ವಾಸಿಂ ಹೆಸರು ಕೇಳಿದ.

"ಪದ್ಮಾವತಿ, ಮಸ್ಕಿ. ಸರದಾರನ ಪಾರ್ಟು ಮಾಡಿದವಗ ಆಯೇರಿ."

ಮಗನನ್ನು ದಾಟಿ ಹೋಗಿ ಅನಿಲಕುಮಾರನ ಹೆಗಲಿಗೆ ಟವೆಲ್ ಹಾಕಿದಳು. ಅಪ್ಪನ ಶಾಲಿನ ಮೇಲೆಯೇ. ಹಾಕಿ ಅಲ್ಲೇ ನಿಂತಳು.

 ಬಸವಂತರಾಯನ ಮುಖ ಕಪ್ಪಿಟ್ಟಿತು. ತಾನೇ ಆಟ ನಿಲ್ಲಿಸಿ ಹತ್ತಿದ ಸ್ಟೇಜು, ಬೇಡ ಅನ್ನಲು ಬಾಯಿಲ್ಲ. ಅನಿಲಕುಮಾರ ಅಪ್ಪನನ್ನು ನೋಡಲೇ ಇಲ್ಲ. ಎರಡೂ ಮೊಣಕಾಲೂರಿ ಅವಳ ಪಾದ ಮುಟ್ಟಿದ. ನನಗೆ ಅಳು ಬಂತು, ಕೂಗಬೇಕು ಅನ್ನಿಸಿತು. 

"ಏಳಪ್ಪ" ಅಂದಳು. ವಾಸಿಂ ಕಡೆ ತಿರುಗಿ, "ಇನ್ನ ನಾಟಕ ಮುಂದ ನಡೀಲಿ."

ಫೆಬ್ರವರಿ 24, ಸೋಮವಾರ

ಎಚ್.ಓ.ಡಿ. ಸ್ಟಾಫ್ ರೂಮಿನ ಬಾಗಿಲು ಮುಚ್ಚಿ ನನ್ನನ್ನು ಕೂಡಿಸಿದ. "ಆ ಹೆಣ್ಮಗಳಿಗೆ ಯಾರು ಹೇಳಿಕೊಟ್ರು? ಆಕಿ ದವಾಖಾನಿ ಡಾಕ್ಟರು ಬಸವಂತರಾಯರ ಬೀಗರು, ಗೊತ್ತೇನ್ರಿ?"

ಗೊತ್ತಾಯಿತು, ಏಟು ಎಲ್ಲಿಗೆ ಬೀಳಲಿದೆ ಅಂತ. "ನಾನೇ ಹೇಳಿಕೊಟ್ಟೆ. ಟವೆಲ್ಲೂ ನಾನೇ ಕೊಡಿಸಿದ್ದು" ಅಂದೆ. ಅವನ ಮುಖದಲ್ಲಿ ಏನು ಖುಷಿ! "ಹಂಗಾದ್ರ ಜೂನ್‌ದಾಗ ನೀವು ಬರೋದು ಬ್ಯಾಡ."

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೆಲಸ ಹೋಗಿದ್ದರೂ ಎದೆ ಉಬ್ಬಿಸಿಕೊಂಡೇ ಕೂತಿದ್ದೆ. ಒಬ್ಬರನ್ನು ಉಳಿಸಿದೆನಲ್ಲ.

ಅದೇ ದಿನ, ಸಂಜೆ

ಪದ್ಮಾವತಿ ಬಂದಿದ್ದಳು. ಕೂರಲಿಲ್ಲ. ಸ್ಟಾಫ್ ರೂಮಿನ ಮಾತೆಲ್ಲ ಸುನೀಲ ಹೊರಗೆ ನಿಂತು ಕೇಳಿಸಿಕೊಂಡಿದ್ದನಂತೆ.

"ಯಾಕ ಸುಳ್ಳ ಹೇಳಿದ್ರಿ?"

"ನಿಮ್ಮ ಕೆಲಸ ಉಳೀಲಿ ಅಂತ..."

"ಅದು ಮುಂಜಾನೇನ ಹೋತು. ಬರಬ್ಯಾಡ ಅಂದ್ರು. ಹೋಗ್ಲಿ, ನರ್ಸ್ ಕೆಲಸ ಎಲ್ಲಾದ್ರೂ ಸಿಗ್ತದ." ದನಿ ಏರಿತು. "ಜನ್ಮದಾಗ ಒಂದು ಕೆಲಸ ನನ್ನ ಬುದ್ಧಿಯಿಂದ ಮಾಡಿದ್ದೆ ಮೇಡಂ. ಅದನ್ನೂ ನೀವು ನಿಮ್ಮ ಹೆಸರಿಗೆ ಬರ್ಕೊಂಡ್ರಿ. ನನಗ ಯಾರೂ ಹೇಳಿಕೊಟ್ಟಿಲ್ಲ. ನಾಳೆ ಕಾಲೇಜಿಗೆ ಬಂದು ಎಲ್ಲಾರ ಮುಂದ ಹೇಳ್ತೀನಿ."

ಬೇಡ ಅಂದೆ. ಅವರು ಸುನೀಲನನ್ನು ಬಿಡುವುದಿಲ್ಲ ಅಂದೆ. ಆವತ್ತು ನಾನು ಅವಳನ್ನು ನೋಡಿದ ಹಾಗೆಯೇ ನನ್ನನ್ನು ನೋಡಿದಳು. ಅಂಜುಬುರುಕಿಯನ್ನು ನೋಡಿದ ಹಾಗೆ.

ಮೊದಲ ಬಸ್ಸಿಗೆ ಹೊರಡುತ್ತಾಳಂತೆ. ನಾನೂ ಅದಕ್ಕೇ ಹೋಗುವವಳು. ಪಕ್ಕದಲ್ಲಿ ಕೂರಲು ಬಿಡುತ್ತಾಳೋ, ಇಲ್ಲವೋ ಗೊತ್ತಿಲ್ಲ.